ಸಲಹೆಗಾರ ಹದಿನೆಂಟು ವರ್ಷ ಅಲ್ಲೇ ಯಾಕೆ ಕುಳಿತ?

ಆ ದಿನ ನನ್ನ ಸೆರಗಿನಲ್ಲಿ ಏಳು ಪಿನ್ನುಗಳಿದ್ದವು. ಎರಡು ನನ್ನವು, ಐದು ಕಾಕು ಚುಚ್ಚಿದವು. "ಸೆರಗು ಜಾರಿದ್ರ ನಿನ್ನ ಲಕ್ಷ್ಯ ಎಲ್ಲಾ ಸೀರಿ ಮ್ಯಾಲ ಹೋಗತೈತಿ" ಎಂದು ನನ್ನನ್ನು ಎರಡು ಸುತ್ತು ತಿರುಗಿಸಿ ನೋಡಿದ್ದರು. ಅಮರಗೋಳದಲ್ಲಿ ಮೆಣಸಿನಕಾಯಿ ದಲ್ಲಾಳಿ ಅಂಗಡಿ ಇಟ್ಟಿರುವ ನನ್ನ ಚಿಕ್ಕಪ್ಪನ ಹೆಂಡತಿ ಅವರು. ಓದಿನ ವರ್ಷಗಳಲ್ಲೆಲ್ಲ ನಾನಿದ್ದದ್ದು ಅವರ ಮನೆಯಲ್ಲಿ.

ಅಂದು ಧಾರವಾಡದಲ್ಲಿ ನನ್ನ ಪಿಎಚ್‌ಡಿಯ ಮೌಖಿಕ ಪರೀಕ್ಷೆ. ಅದರಲ್ಲಿ ಫೇಲಾದರೆ ಐದು ವರ್ಷದ ಕೆಲಸ ವ್ಯರ್ಥವಾಗುತ್ತಿತ್ತು. ಮನೆಯವರು ಯಾರೂ ಬರಬೇಡಿ ಎಂದು ಕೇಳಿಕೊಂಡಿದ್ದೆ. ಆದರೆ ಅದು ಯಾರು ಬೇಕಾದರೂ ಬಂದು ಕೂರಬಹುದಾದ ಪರೀಕ್ಷೆ. ಮೊದಲ ಸ್ಲೈಡ್ ತೋರಿಸುವಾಗ ಕಾಕು ಕೊನೆಯ ಸಾಲಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

ನಾನು ಬರೆದದ್ದು ದೂರದ ಬೆಟ್ಟದ ದೇಶವೊಂದರ ಸಶಸ್ತ್ರ ಚಳವಳಿಯ ಹಿರಿಯ ರಾಜಕೀಯ ಸಲಹೆಗಾರನ ಬಗ್ಗೆ. ಭೂಗೋಳದ ಮೇಷ್ಟ್ರಾಗಿದ್ದವನು ಕಾಡಿಗೆ ಹೋಗಿ ಹದಿನೆಂಟು ವರ್ಷ ಚಳವಳಿಯ ನಾಯಕನ ಜೊತೆಗಿದ್ದ. ಬಂದೂಕು ಮುಟ್ಟಲಿಲ್ಲ. ನಾಯಕನ ಹೇಳಿಕೆಗಳನ್ನು ಬರೆದ, ಸರ್ಕಾರದೊಂದಿಗೆ ಮಾತುಕತೆಗೆ ಕುಳಿತ. ಮಾತುಕತೆ ಮುರಿದಾಗಲೆಲ್ಲ ಮತ್ತೆ ಕಾಡಿಗೇ ಮರಳಿದ. ಅವನ ಮೇಲೆ ನನಗೆ ಮಮತೆ ಬೆಳೆದುಬಿಟ್ಟಿತ್ತು.

ಹೊರಗಿನಿಂದ ಬಂದ ಪರೀಕ್ಷಕರು ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕಕ್ಕೂ ಉತ್ತರಿಸಿದೆ. "ಸಭೆಯಿಂದ ಯಾರಾದರೂ?" ಎಂದರು. ಯಾರೂ ಕೇಳದಿರುವುದೇ ವಾಡಿಕೆ.

"ಕೈ ಎತ್ತಬೇಕೇನ್ರಿ, ಸುಮ್ನ ಕೇಳಬೇಕೇನ್ರಿ?" ಎಂದರು ಕಾಕು.

"ಸುಮ್ಮನೆ ಕೇಳಿ ಅಮ್ಮಾ."

"ನಮ್ಮ ಹುಡುಗಿ ಛಲೋ ಹೇಳಿದಳ್ರಿ. ಆದ್ರ ಮಾತುಕತಿ ಆದ್ರ ಇಂವ ಮಾಡಿಸಿದ, ಬಾಂಬ್ ಬಿದ್ರ ನಾಯಕ ಹಾಕಿಸಿದ ಅಂತಾಳ. ಹಂಗಾದ್ರ ಹದಿನೆಂಟು ವರ್ಷ ಇಂವ ಅಲ್ಲಿ ಕುಂತು ಚಹಾ ಕುಡೀತಿದ್ನೇನ್ರಿ?"

ಸಭೆ ನಕ್ಕಿತು. ನನಗೂ ಭಯದಲ್ಲೇ ನಗು ಬಂತು, ತಡೆಯಲಾಗಲಿಲ್ಲ. "ಕಾಕೂ..." ಎಂದೆ.

"ಇಲ್ಲಿ ಕಾಕು-ಗೀಕು ಯಾರೂ ಇಲ್ಲ. ಉತ್ತರಾ ಹೇಳ. ನಮ್ಮ ಮನಿಯವ್ರಿಗೆ ನಾನೂ ಸಲಹಾ ಕೊಡಾಕತ್ತು ಇಪ್ಪತ್ತೈದು ವರ್ಷ ಆತ್ರಿ. ಈಗ ಮಾರಬ್ಯಾಡ್ರಿ ಅಂದ್ರ ಮಾರತಾರ. ಹಂಗಂತ ಲುಕ್ಸಾನ್ ನಂದಲ್ಲ ಅನ್ನಾಕ ಬರತೈತೇನ್ರಿ? ಅದ ಮನ್ಯಾಗ ಉಣ್ಣಾಕತ್ತೇನಿ."

ನನ್ನ ಮಾರ್ಗದರ್ಶಕರು ಸೀಲಿಂಗ್ ನೋಡತೊಡಗಿದರು. ಎರಡು ಪುಸ್ತಕಗಳ ಹೆಸರು ಹೇಳಿ ಪಾರಾಗಬಹುದಿತ್ತು. ಬಾಯಿಂದ ಬಂದದ್ದು ಬೇರೆ. "ಗೊತ್ತಿಲ್ಲ. ಅವನು ಅಸಹಾಯಕ ಅಂತ ಬರೆದೆ. ಯಾಕೆ ಉಳಿದ ಅಂತ ನಾನು ಕೇಳಿಕೊಳ್ಳಲೇ ಇಲ್ಲ."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು. ನಮ್ಮನ್ನೆಲ್ಲ ಹತ್ತು ನಿಮಿಷ ಹೊರಗೆ ಕಳಿಸಿದರು. ಮತ್ತೆ ಕರೆದು, ಪದವಿಗೆ ಶಿಫಾರಸು ಮಾಡಿರುವುದಾಗಿ ಹೇಳಿದರು. ಒಂದೇ ಷರತ್ತು: "ನಾಲ್ಕನೇ ಅಧ್ಯಾಯವನ್ನು ಆ ಅಮ್ಮನ ಪ್ರಶ್ನೆ ಇಟ್ಟುಕೊಂಡು ತಿದ್ದಿ."

ಮೆಟ್ಟಿಲಿಳಿಯುವಾಗ ನಗು ನಿಲ್ಲದೆ ಕಂಬಿ ಹಿಡಿದುಕೊಂಡೆ. ಬಸ್ಸಿನಲ್ಲಿ ಕಾಕು ಕಂಡಕ್ಟರನ್ನೂ ಬಿಡಲಿಲ್ಲ. "ನನ್ನ ಪ್ರಶ್ನಿಗೆ ಇಕಿಗೆ ಉತ್ತರಾ ಬರಲಿಲ್ರಿ. ಆದ್ರೂ ಪಾಸ್ ಮಾಡಿದ್ರು!"

"ಹಂಗಾದ್ರ ಪದವಿ ನಿಮಗ ಕೊಡಬೇಕಿತ್ತಲ್ರಿ ಅಕ್ಕಾರ."

"ನನಗ ಟೈಮ್ ಎಲ್ಲೈತ್ರಿ?"

ಇಡೀ ಬಸ್ಸು ನಕ್ಕಿತು. ಅಪರಿಚಿತರೆದುರು ನಾನು ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ನಾಲ್ಕನೇ ಅಧ್ಯಾಯದಲ್ಲಿ 'ಅಸಹಾಯಕ' ಎಂಬ ಪದ ಹುಡುಕಿದೆ. ಹನ್ನೊಂದು ಕಡೆ ಸಿಕ್ಕಿತು. ಒಂದೊಂದನ್ನೂ ಓದಿ, ಒಂಬತ್ತನ್ನು ಅಳಿಸಿದೆ.