ಕಪ್ಪೆಗಳಿಗೆ ಕಟ್ಟಿದ ಗಾಜಿನ ಮನೆ

ಎಂಬತ್ತರ ದಶಕದಲ್ಲಿ ನಾನು ಜೇವರ್ಗಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ನಮ್ಮ ಬಾಡಿಗೆ ಮನೆಯ ಬಚ್ಚಲ ಮೂಲೆಯಲ್ಲಿ ಎರಡು ಕಪ್ಪೆಗಳು ತಾವಾಗಿಯೇ ಬಂದು ಸೇರಿಕೊಂಡಿದ್ದವು. ಎಂಟು ವರ್ಷದ ಮಗಳು ದಿನಾ ನೊಣ ಹಿಡಿದು ಅವುಗಳ ಮುಂದೆ ಹಾಕುತ್ತಿದ್ದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ವಿಜ್ಞಾನದ ಮಾಸ್ತರನ ಮನೆಯ ಕಪ್ಪೆಗಳು ಬಚ್ಚಲಲ್ಲಿರುವುದೆಂದರೇನು? ಗಾಜಿನ ಪೆಟ್ಟಿಗೆಯನ್ನೇ ಮಾಡಿಕೊಡುತ್ತೇನೆಂದು ಮಗಳ ಮುಂದೆ ಜಂಬ ಕೊಚ್ಚಿದೆ.

ಫೋಟೊಗಳಿಗೆ ಕಟ್ಟು ಹಾಕುವವನಿಂದ ಗಾಜು ಕತ್ತರಿಸಿ ತಂದೆ. ಬಡಿಗ ಚೌಕಟ್ಟು ಮಾಡಿಕೊಟ್ಟ. ಸಂದುಗಳಿಗೆ ಡಾಂಬರು ಬಳಿದೆ. ತಳಕ್ಕೆ ಭೀಮಾ ನದಿಯ ಹರಳು, ಅದರ ಮೇಲೆ ಇದ್ದಿಲ ಚೂರು, ಆಮೇಲೆ ಮಣ್ಣು. ನಮ್ಮ ಎರೆಮಣ್ಣು ನೆನೆದರೆ ಅಂಟು, ಒಣಗಿದರೆ ಬಿರುಕು. ಅದಕ್ಕೇ ಅರ್ಧಕ್ಕರ್ಧ ಮರಳು ಬೆರೆಸಿದೆ. ಕರಕಿ ಹುಲ್ಲು, ಒಂದೆಲಗ, ಬಾವಿಯ ಗೋಡೆಯಿಂದ ಕೆರೆದು ತಂದ ಪಾಚಿ ನೆಟ್ಟು, ಒಡೆದ ಗಡಿಗೆಯ ಚೂರೊಂದನ್ನು ಬೋರಲು ಹಾಕಿದೆ. ಕಪ್ಪೆಗಳು ಅದರಡಿ ಹೋಗಿ ಕೂತಾಗ ಮಗಳು ಕುಣಿದಳು.

ಪಕ್ಕದ ಮನೆಯ ಮುದುಕಿಯನ್ನು ಮಗಳು ಆಯಿ ಎನ್ನುತ್ತಿದ್ದಳು. ಅವರಿಗೆ ಮೊಮ್ಮಕ್ಕಳಿರಲಿಲ್ಲ. ಮಗಳ ಸಂಜೆಯ ಊಟವೆಲ್ಲ ಅವರಲ್ಲೇ. ಆಯಿ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, "ಮ್ಯಾಲ ತಂತಿ ಜಾಳಗಿ ಹಾಕ್ರಿ ಮಾಸ್ತರ್ರ. ಬಿಸಲಿಗೆ ಗಾಜು ಕಾಯ್ತದ" ಎಂದರು.

"ನನಗೇ ಪಾಠ ಹೇಳ್ತೀರೇನ್ರಿ ಆಯಿ?" ಎಂದು ನಕ್ಕೆ. ಜಾಳಗಿ ಹಾಕಿದರೆ ಕೋಳಿಗೂಡಿನಂತೆ ಕಾಣುತ್ತದೆಂದು ನನ್ನ ಲೆಕ್ಕ. ಬೆರಳು ತೂರುವಷ್ಟು ಸಂದಿ ಬಿಟ್ಟು ಗಾಜನ್ನೇ ಮುಚ್ಚಿದೆ.

ಆ ವರ್ಷ ಜೂನ್ ತಿಂಗಳ ಮಿರಗದ ಮಳೆ ತಡವಾಯಿತು. ನಮ್ಮ ಓಣಿಯಲ್ಲಿ ಇಂಥ ಹೊತ್ತಿಗೆ ಮಳೆ ಬರಲೆಂದು ಕಪ್ಪೆಯೊಂದನ್ನು ಬೇವಿನ ತಪ್ಪಲು ಹಾಸಿದ ಬುಟ್ಟಿಯಲ್ಲಿಟ್ಟು ಮನೆಮನೆಗೆ ಒಯ್ಯುತ್ತಿದ್ದರು. ಎಲ್ಲರೂ ನೀರು ಹೊಯ್ದ ಮೇಲೆ ಬಾವಿಗೆ ಬಿಡುವುದು ಪದ್ಧತಿ. ಹೆಂಗಸರು ಆಯಿಯನ್ನು ಮುಂದೆ ಮಾಡಿಕೊಂಡು ನಮ್ಮ ಬಾಗಿಲಿಗೆ ಬಂದರು.

"ಒಂದು ಕೊಡ್ರಿ ಮಾಸ್ತರ್ರ. ಜ್ವಾಕಿಲೆ ಬಾವ್ಯಾಗ ಬಿಡ್ತೇವ್ರಿ" ಎಂದರು ಆಯಿ.

ನಾನು ಕೊಡಲಿಲ್ಲ. ಸುಮ್ಮನೆ ಕಳಿಸಲೂ ಇಲ್ಲ. ಮೋಡ ಹೇಗಾಗುತ್ತದೆ, ಮೂಕಪ್ರಾಣಿಯನ್ನು ಹಿಂಸಿಸುವುದು ಎಂಥ ಮೂಢತನ ಎಂದು ಓಣಿಗೆಲ್ಲ ಕೇಳುವಂತೆ ಭಾಷಣ ಬಿಗಿದೆ. ಆಯಿ ತಲೆ ತಗ್ಗಿಸಿಕೊಂಡು ಹೋದರು. ಮಗಳು ಹೆಮ್ಮೆಯಿಂದ ನನ್ನ ಕೈ ಹಿಡಿದು ನಿಂತಿದ್ದಳು.

ಮುಂದಿನ ಭಾನುವಾರ ಹೆಂಡತಿ ಮಗಳನ್ನು ಕರೆದುಕೊಂಡು ಘತ್ತರಗಿಯ ದೇವಿಗುಡಿಗೆ ಹೋದಳು. ಸಸಿಗಳಿಗೆ ತುಸು ಬಿಸಿಲು ಬೀಳಲೆಂದು ಪೆಟ್ಟಿಗೆಯನ್ನು ಅಂಗಳದ ಹಾಸುಗಲ್ಲಿನ ಮೇಲಿಟ್ಟೆ. ಹತ್ತು ನಿಮಿಷ ಎಂದುಕೊಂಡು ಪೇಪರ್ ಹಿಡಿದು ಅಡ್ಡಾದವನಿಗೆ ನಿದ್ದೆ ಹತ್ತಿತು. ಎದ್ದಾಗ ಮಧ್ಯಾಹ್ನ. ಗಾಜಿನ ಒಳಗೆಲ್ಲ ಹನಿ, ಪಾಚಿ ಬೆಂದುಹೋಗಿತ್ತು. ಎರಡೂ ಕಪ್ಪೆಗಳು ಸೆಟೆದುಕೊಂಡು ಸತ್ತಿದ್ದವು. ಮುಚ್ಚಿದ ಗಾಜಿನೊಳಗೆ ಶಾಖ ಹೇಗೆ ಸೇರುತ್ತದೆಂದು ವರ್ಷಾ ವರ್ಷಾ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದವನು ನಾನು.

ಹಿತ್ತಲಲ್ಲಿ ಗುಂಡಿ ತೋಡಿ ಹೂಳಿದೆ. ತಲೆ ಎತ್ತಿದರೆ ಆಯಿ ತಮ್ಮ ಮಾಳಿಗೆಯ ಮೇಲೆ ಸಂಡಿಗೆ ತೆಗೆಯುತ್ತಿದ್ದರು. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದರು. ಕಂಡಿತೋ ಇಲ್ಲವೋ ತಿಳಿಯಲಿಲ್ಲ.

ಸಂಜೆ ಮಗಳು ಬಂದವಳೇ ಖಾಲಿ ಪೆಟ್ಟಿಗೆ ನೋಡಿ, "ಎಲ್ಲಿ ಅದಾವಪಾ?" ಎಂದಳು. ನಿಜ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. "ನಾ ಮಲಗಿದ್ದೆ. ಆ ಹೆಂಗಸರು ಒಯ್ದಿರಬೇಕು."

ಅವಳು ನೇರ ಆಯಿಯ ಮನೆಗೆ ಓಡಿದಳು. ನಾನು ಬೆನ್ನಟ್ಟುವಷ್ಟರಲ್ಲಿ ಕೇಳಿಯೇ ಬಿಟ್ಟಿದ್ದಳು. ಆಯಿ ಹೊಸ್ತಿಲಲ್ಲಿ ನಿಂತ ನನ್ನನ್ನು ಒಮ್ಮೆ ನೋಡಿದರು.

"ಹೌದವ್ವ, ನಾನೇ ಒಯ್ದೆ. ಬಾವ್ಯಾಗ ಬಿಟ್ಟು ಬಂದೇನಿ. ಆರಾಮ ಅದಾವ."

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ನಾಚಿಕೆಗಿಂತ ಮೊದಲು, ಸಿಕ್ಕಿಬೀಳಲಿಲ್ಲವಲ್ಲ ಎಂಬ ನೆಮ್ಮದಿಯೇ ಆಯಿತು. ಅದನ್ನು ಬರೆಯಲು ಇಂದಿಗೂ ಮೈ ಹಿಡಿಯಾಗುತ್ತದೆ.

ಮಗಳು ಆ ಮನೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಮರುದಿನ ಸಂಜೆ ಆಯಿ ಅವಳಿಗೆಂದು ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ ಗೋಡೆಯ ಮೇಲಿಂದ ನನ್ನ ಕೈಗೆ ಕೊಟ್ಟರು. ಮಗಳು ಮುಟ್ಟಲಿಲ್ಲ. ಹಾಗೇ ಮರಳಿಸಿದರೆ ಆಯಿ ನೊಂದುಕೊಳ್ಳುತ್ತಾರೆಂದು ಒಳಗೆ ಕೂತು ನಾನೇ ತಿಂದೆ.

ತಾಟು ತೊಳೆದು ಮರಳಿಸಿದಾಗ ಆಯಿ ಕೇಳಿದರು: "ಉಂಡಳೇನ್ರಿ ಮಾಸ್ತರ್ರ?"

"ಹೌದ್ರಿ" ಎಂದೆ.