ವಲ್ಲಿಯ ಕೆಳಗೆ ಐದು ಬೆರಳು

ಕಳೆದ ಅಕ್ಟೋಬರ್‌ನ ಎರಡನೆಯ ಶನಿವಾರ ಡಚ್ಚರ ದೇಶದ ಬ್ರಬಾಂಟ್ ಪ್ರಾಂತ್ಯದ ಒಂದು ಹಳ್ಳಿಯ ಕುದುರೆ ಸಂತೆಗೆ ಎರಡು ಒಂಟೆಗಳು ಮಾರಾಟಕ್ಕೆ ಬಂದವು. ಒಂದಕ್ಕೆ ಇಪ್ಪತ್ತೆರಡು ವರ್ಷ, ಇನ್ನೊಂದಕ್ಕೆ ಒಂಬತ್ತು. ತಾಯಿ ಮತ್ತು ಮಗಳು.

ಆ ಹಳ್ಳಿಯ ಪಕ್ಕದಲ್ಲಿ ಪೈನ್ ಮರಗಳ ನಡುವೆ ಬಹಳ ದೂರದವರೆಗೆ ಬರೀ ಮರಳಿದೆ. ಗಾಳಿ ಜೋರಾಗಿ ಬೀಸಿದರೆ ದಿಬ್ಬಗಳು ಜಾಗ ಬದಲಿಸುತ್ತವೆ. ಊರಿನವರು ಅದನ್ನು ಸಹಾರಾ ಎನ್ನುತ್ತಾರೆ. ಒಂಟೆಗಳ ಒಡತಿ ಮತ್ತು ಅವರ ಗಂಡ ಆ ಮರಳಿನಲ್ಲಿ ಮಕ್ಕಳಿಗೆ ಸವಾರಿ ಮಾಡಿಸುತ್ತಿದ್ದರು. ಕ್ರಿಸ್‌ಮಸ್ ಬಂದರೆ ಚರ್ಚುಗಳು ಗೋದಲಿಯ ಪಕ್ಕ ನಿಲ್ಲಿಸಲು ಒಂಟೆಗಳನ್ನು ಬಾಡಿಗೆಗೆ ಕರೆಯುತ್ತಿದ್ದವು. ಗಂಡ ತೀರಿಕೊಂಡರು. ಕೊಟ್ಟಿಗೆಯ ಗುತ್ತಿಗೆ ಡಿಸೆಂಬರ್‌ಗೆ ಮುಗಿಯುವುದಿತ್ತು.

ನಾನು ಅಲ್ಲಿಗೆ ಹೋದದ್ದು ದುಭಾಷಿಯಾಗಿ. ವಿಮಾನ ನಿಲ್ದಾಣದ ಪಕ್ಕದ ಹೂಫ್‌ಡಾರ್ಪ್‌ನಲ್ಲಿ ಕೆಲಸ ಮಾಡುವ ನನ್ನ ಗೆಳೆಯನೊಬ್ಬ ವಿಜಯಪುರದವನು. ಅವನ ಸೋದರಮಾವ ಮೂರು ತಿಂಗಳ ವೀಸಾದ ಮೇಲೆ ಬಂದಿದ್ದರು. ನಲವತ್ತು ವರ್ಷ ದನದ ಸಂತೆಗಳಲ್ಲಿ ದಲಾಲಿಯಾಗಿದ್ದವರು. ಗೆಳೆಯ ಕಾಪೆಲ್ಲೆಯ ನನ್ನ ಮನೆಗೆ ಫೋನ್ ಮಾಡಿದ.

"ಅಕ್ಕಾ, ಶನಿವಾರ ಫ್ರೀ ಇದ್ದೀರೇನು? ಮಾಮು ಬಾಲ್ಕನ್ಯಾಗ ಕುಂತು ಇಮಾನ ಎಣಿಸಾಕತ್ಯಾರ. ನಿನ್ನೆ ನಲವತ್ತೊಂದು. ಒಂದು ಸಂತಿ ತೋರಿಸಬೇಕ್ರಿ. ಡಚ್ ನಿಮಗ ಬರ್ತದ. ನನಗ ಬರೂದು 'ದಾಂಕ್ ಯು' ಅಷ್ಟ."

ಹತ್ತು ಗಂಟೆಗೆ ನಾವು ಮೂವರೂ ಸಂತೆಯಲ್ಲಿದ್ದೆವು. ಚರ್ಚಿನ ಮುಂದಿನ ರಸ್ತೆಯ ಎರಡೂ ಬದಿಗೆ ಹಗ್ಗ ಎಳೆದು ಕುದುರೆಗಳನ್ನು ಕಟ್ಟಿದ್ದರು. ಮಾಮು ದಪ್ಪ ಜಾಕೆಟ್ಟಿನ ಮೇಲೆ, ಊರಿನಲ್ಲಿ ಹಾಕಿಕೊಳ್ಳುವ ಹಾಗೆಯೇ, ಹೆಗಲಿಗೆ ವಲ್ಲಿ ಹಾಕಿಕೊಂಡಿದ್ದರು. ಅದು ಕೆಂಪು ಅಂಚಿನ ಬಿಳಿ ವಸ್ತ್ರ. ಯಾರನ್ನೂ ಏನೂ ಕೇಳದೆ ಕುದುರೆಗಳ ಗೊರಸು ನೋಡುತ್ತಾ ನಡೆದರು.

ಇಲ್ಲಿನ ವ್ಯಾಪಾರ ಕೈಯಲ್ಲಿ ನಡೆಯುತ್ತದೆ. ಕೊಳ್ಳುವವನು ಬೆಲೆ ಕೂಗಿ ಮಾರುವವನ ಅಂಗೈಗೆ ಹೊಡೆಯುತ್ತಾನೆ. ಅವನು ತನ್ನ ಬೆಲೆ ಕೂಗಿ ತಿರುಗಿ ಹೊಡೆಯುತ್ತಾನೆ. ಬೆಲೆ ಹೊಂದಿದಾಗ ಕೊನೆಯ ಏಟಿನ ನಂತರ ಇಬ್ಬರೂ ಕೈ ಬಿಡದೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಅಲ್ಲಿಗೆ ವ್ಯಾಪಾರ ಮುಗಿದ ಹಾಗೆ. ಕಾಗದ ಆಮೇಲೆ.

"ಏನ್ ಮಂದಿ ಇವ್ರು," ಎಂದರು ಮಾಮು. "ರೇಟು ಊರಿಗೆಲ್ಲಾ ಡಂಗುರ ಹೊಡದಂಗ. ಚಪ್ಪಾಳಿ ಬ್ಯಾರೆ."

ರಸ್ತೆಯ ಕೊನೆಯಲ್ಲಿ, ಕತ್ತೆಗಳ ಪಕ್ಕ, ಒಂಟೆಗಳು ಕುಳಿತಿದ್ದವು. ರಬ್ಬರ್ ಬೂಟು ಹಾಕಿದ್ದ ಒಡತಿ ಅವುಗಳ ನಡುವೆ ನಿಂತಿದ್ದರು. ಮಾಮು ದೂರದಿಂದಲೇ ನೋಡಿದರು.

"ಬಾಯಿ ತೆಗಸ್ರಿ ಮಾಮು, ಹಲ್ಲು ನೋಡ್ರಿ," ಎಂದು ಗೆಳೆಯ ಕೆಣಕಿದ.

"ಎತ್ತಾದ್ರ ನೋಡ್ತಿದ್ದೆ. ಇದರ ಹಲ್ಲು ನೋಡಾಕ ಏಣಿ ಬೇಕು, ಹೌದಿಲ್ಲೋ?"

ಗಿರಾಕಿ ಒಬ್ಬನೇ ಇದ್ದ. ಉತ್ತರದ ಕಡೆ ಕ್ಯಾಂಪಿಂಗ್ ಜಾಗ ನಡೆಸುವವನು. ಮಗಳು ಒಂಟೆಯ ಬೆಲೆ ನಾಲ್ಕೈದು ಏಟಿನಲ್ಲೇ ಹೊಂದಿತು. ಕೊನೆಯ ಏಟಿಗೆ ಒಡತಿ ಕೈ ಕೊಡಲಿಲ್ಲ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಮಾತ್ರ ಎಂದರು. ಒಂಬತ್ತು ವರ್ಷದಲ್ಲಿ ಅವು ಒಂದು ರಾತ್ರಿಯೂ ಬೇರೆ ಬೇರೆ ಇದ್ದದ್ದಿಲ್ಲ. ಮಗಳು ಹೋದರೆ, ಕೊಳ್ಳುವವರಿಲ್ಲದ ಆ ವಯಸ್ಸಿನ ಪ್ರಾಣಿಯನ್ನು ಡಿಸೆಂಬರ್ ಆದ ಮೇಲೆ ಎಲ್ಲಿ ಕಟ್ಟುವುದೆಂದು ಅವರಿಗೆ ಗೊತ್ತಿರಲಿಲ್ಲ.

ಸುತ್ತ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಕುದುರೆ ವ್ಯಾಪಾರಿಗಳು.

"ಅಜ್ಜಿಗೂ ದುಡ್ಡು ಕೊಡ್ತೀಯೇನಪ್ಪಾ?" ಎಂದ ಒಬ್ಬ.

"ಅಜ್ಜಿ ಜೊತೆ ವಾಕರ್ ಫ್ರೀ!" ಎಂದ ಇನ್ನೊಬ್ಬ.

ಗಿರಾಕಿ ನಕ್ಕು ಕೈ ಜೇಬಿಗೆ ಹಾಕಿದ. "ಬಿಟ್ಟಿ ಕೊಟ್ಟರೆ ಯೋಚನೆ ಮಾಡ್ತೀನಿ," ಎಂದ. ಒಡತಿ ತಲೆ ಅಲ್ಲಾಡಿಸಿದರು. ಬಿಟ್ಟಿ ತೆಗೆದುಕೊಂಡವರು ಬಿಟ್ಟಿಯಾಗಿಯೇ ಬಿಟ್ಟುಬಿಡುತ್ತಾರೆ, ಸ್ವಲ್ಪವಾದರೂ ಕೊಟ್ಟಿರಬೇಕು ಎಂದರು. ನಾನು ಅದನ್ನು ಮಾಮುಗೆ ಹೇಳಿದೆ.

"ಖರೆ ಐತಿ ಆಕಿ ಮಾತು," ಎಂದರು ಮಾಮು. "ಆದ್ರ ನೋಡು ತಂಗಿ, ಇಷ್ಟು ಮಂದಿ ಮುಂದ ಯಾಂವ ಮುದುಕಿಗೆ ರೊಕ್ಕಾ ಕೊಡ್ತೇನಿ ಅಂತಾನ? ಅವಂಗ ಮನಸೈತಿ. ಆಗಿಂದ ಮುದುಕೀದಽ ಕಾಲು ನೋಡಾಕತ್ಯಾನ. ನಾಚಿಕಿ ಅಡ್ಡ ಬಂದೈತಿ."

"ಮಾಮು, ಛೋಡೋ ನಾ," ಬಿಟ್ಟುಬಿಡಿ ಎಂದು ಗೆಳೆಯ ದಖನಿ ಉರ್ದುವಿನಲ್ಲಿ ಗೊಣಗಿದ. "ನಮ್ ಸಂತಿ ಅಲ್ರಿ ಇದು."

ಮಾಮು ಆಗಲೇ ಮುಂದೆ ಹೋಗಿದ್ದರು. ಒಡತಿಯ ಬಲಗೈಯನ್ನೂ ಗಿರಾಕಿಯ ಬಲಗೈಯನ್ನೂ ಹತ್ತಿರ ತಂದು ಮೇಲೆ ವಲ್ಲಿ ಮುಚ್ಚಿದರು. ನಮ್ಮ ಕಡೆಯ ಸಂತೆಗಳಲ್ಲಿ ಬೆಲೆ ನಡೆಯುವುದು ಹೀಗೆ: ಬಟ್ಟೆಯ ಕೆಳಗೆ, ಬೆರಳು ಹಿಡಿದು, ಬಾಯಿ ತೆರೆಯದೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುವುದಿಲ್ಲ. ಮಾಮು ಹೇಳಿದ್ದನ್ನು ನಾನು ಡಚ್‌ನಲ್ಲಿ ಹೇಳಿದೆ. ಗಿರಾಕಿ ಒಡತಿಯ ಒಂದು ಬೆರಳು ಹಿಡಿದರೆ ನೂರು ಯೂರೋ, ಎರಡಕ್ಕೆ ಇನ್ನೂರು, ಇಡೀ ಕೈ ಹಿಡಿದರೆ ಐನೂರು. ಇದು ತಾಯಿ ಒಂಟೆಗೆ ಮಾತ್ರ. ಬೇಡವಾದರೆ ಒಡತಿ ತಲೆ ಅಲ್ಲಾಡಿಸಬೇಕು.

ಇಬ್ಬರೂ ಒಪ್ಪಿದರು. ಗುಂಪು ಹತ್ತಿರ ಸರಿಯಿತು. ನೋಡಲು ಕೆಂಪು ಅಂಚಿನ ಬಟ್ಟೆ ಬಿಟ್ಟು ಬೇರೇನೂ ಇರಲಿಲ್ಲ. ಒಡತಿ ತಲೆ ಅಲ್ಲಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಲ್ಲಾಡಿಸಿದರು. ಬಟ್ಟೆ ಒಮ್ಮೆ ಜೋರಾಗಿ ಅಲುಗಿತು. ಒಡತಿ ಗಿರಾಕಿಯ ಮುಖ ನೋಡಿ "ಖೂತ್," ಎಂದರು. ಆಯಿತು ಎಂದರ್ಥ.

ಮಾಮು ವಲ್ಲಿ ತೆಗೆದು ಹೆಗಲಿಗೆ ಹಾಕಿಕೊಂಡರು. "ಎಷ್ಟಕ್ಕ ಆತು? ಇಬ್ಬರಿಗೂ ಕೇಳು."

"ಐನೂರು," ಎಂದರು ಒಡತಿ.

"ಇನ್ನೂರು," ಎಂದ ಗಿರಾಕಿ.

ಗುಂಪು ನಕ್ಕಿತು. ಆದದ್ದು ಇಷ್ಟು: ಗಿರಾಕಿ ಒಂದು ಬೆರಳು ಹಿಡಿದ, ನಂತರ ಎರಡು. ಆಮೇಲೆ, ಇನ್ನು ಏರಿಸುವುದಿಲ್ಲ, ಎರಡಕ್ಕೇ ಮುಗಿಯಿತು ಎಂದು ತೋರಿಸಲು ತನ್ನ ಊರಿನ ಪದ್ಧತಿಯಂತೆ ಇಡೀ ಕೈ ಗಟ್ಟಿಯಾಗಿ ಹಿಡಿದ. ಒಡತಿ ಅದನ್ನು ಮಾಮುವಿನ ಲೆಕ್ಕದಲ್ಲಿ ಓದಿದರು.

ನಾನು ವಿವರಿಸಿದೆ. ಮಾಮು ಕಿವಿ ಮುಟ್ಟಿಕೊಂಡರು. "ತಪ್ಪು ನಂದು. ಐದು ಹೆಂಗ ಅಂತ ಹೇಳಿದೆ. 'ಮುಗೀತು' ಹೆಂಗ ಅಂತ ಹೇಳಲಿಲ್ಲ. ನಮ್ಮಲ್ಲಿ ಮುಗೀತು ಅನ್ನಾಂವ ದಲಾಲಿ."

ಐನೂರಾದರೆ ಮಗಳು ಒಂದೇ ಸಾಕು, ಇನ್ನೂರಾದರೆ ಎರಡೂ, ಎಂದ ಗಿರಾಕಿ. ಈಗ ಎಲ್ಲರಿಗೂ ಕೇಳಿಸುವಂತೆಯೇ ಹೇಳಿದ. ಅವನ ಕಿವಿ ಕೆಂಪಾಗಿತ್ತು. "ಅಜ್ಜಿಗೆ ಇನ್ನೂರು!" ಎಂದು ಹಿಂದಿನಿಂದ ಯಾರೋ ಕೂಗಿದರು. ಅವನು ತಿರುಗಿ ನೋಡಲಿಲ್ಲ.

ಒಡತಿ ಕೇಳಿದ್ದು ಒಂದೇ ಪ್ರಶ್ನೆ. "ಒಂದೇ ಗಾಡಿಯಲ್ಲಾ?"

"ಒಂದೇ ಗಾಡಿ. ಇವತ್ತೇ."

ಅವರು ಅಂಗೈ ಬಿಚ್ಚಿ ಮುಂದೆ ಚಾಚಿದರು. ಅವನು ಹೊಡೆದ. ಇಬ್ಬರೂ ಕೈ ಹಿಡಿದುಕೊಂಡರು.

ಎತ್ತರದ ಗಾಡಿ ಮಧ್ಯಾಹ್ನ ಎರಡಕ್ಕೆ ಬಂತು. ಮಗಳು ಹಲಗೆಯ ಮೇಲೆ ಕಾಲಿಡಲಿಲ್ಲ. ತಾಯಿಯನ್ನು ಮೊದಲು ಹತ್ತಿಸಿದರು. ಮಗಳು ಹಿಂದೆಯೇ ಹತ್ತಿತು. ಒಡತಿ ಗಿರಾಕಿಗೆ ಹಗ್ಗ, ಬ್ರಷ್ಷು, ಪಶುವೈದ್ಯರ ಕಾಗದಗಳ ಚೀಲ ಕೊಟ್ಟರು. ಮಾಮುವಿನ ಕೈ ಕುಲುಕಿ, ಪಕ್ಕದ ಅಂಗಡಿಯಿಂದ ಕರಿದ ಆಲೂಗೆಡ್ಡೆ ಫ್ರೀಟ್ ಕೊಡಿಸಿದರು. ನಾನು ಒಡತಿಗೆ ನನ್ನ ನಂಬರ್ ಕೊಟ್ಟೆ.

ಮಾಮು ನವೆಂಬರ್‌ನಲ್ಲಿ ವಿಜಯಪುರಕ್ಕೆ ಮರಳಿದರು. ಕೊಟ್ಟಿಗೆಯ ಗುತ್ತಿಗೆ ಹೇಳಿದ ದಿನಕ್ಕೆ ಮುಗಿಯಿತು. ಮಾರ್ಚ್‌ನಲ್ಲಿ ಒಡತಿಯಿಂದ ಸಂದೇಶ ಬಂತು: ತಾಯಿಯನ್ನು ಸವಾರಿಗೆ ಬಳಸುತ್ತಿಲ್ಲ, ಮುಂಗಾಲಿನಲ್ಲಿ ನೋವಿದೆ, ಎರಡನ್ನೂ ಒಂದೇ ಕಡೆ ಕಟ್ಟುತ್ತಾರೆ. ಮೇ ತಿಂಗಳಲ್ಲಿ ಒಡತಿ ರೈಲಿನಲ್ಲಿ ಆ ಕ್ಯಾಂಪಿಂಗ್ ಜಾಗಕ್ಕೆ ಹೋಗಿ ಬಂದರು. ತಾಯಿ ಅವರನ್ನು ಕಂಡು ಬೇಲಿಯ ಹತ್ತಿರ ಬಂತು, ಮಗಳು ಮೇಯುತ್ತಲೇ ಇತ್ತು, ಬರಲಿಲ್ಲ.