ಒಪ್ಪಿಗೆಯ ಕಾವಲಿಗೆ ಕೂತ ತಡಿಯಕ್ಕ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ. ಸಾರ್ವಜನಿಕ ಗ್ರಂಥಾಲಯದ ಮಹಡಿಯ ಮೇಲಿನ ಕಂಪ್ಯೂಟರ್ ಕೊಠಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಕೈಯಲ್ಲಿ ಒರೆಸುವ ಬಟ್ಟೆ, ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್, ಮೂಗಿನ ತುದಿಗೆ ಜಾರಿದ ಕನ್ನಡಕ. ಐವತ್ನಾಲ್ಕು ವರ್ಷದ ಆ ಹೆಂಗಸು ಮೊದಲನೇ ಕಂಪ್ಯೂಟರನ್ನು ಶುರು ಮಾಡಿ, ಅದು ಕಣ್ಣುಬಿಡುವಷ್ಟರಲ್ಲಿ ಎರಡನೆಯದರ ಧೂಳು ಹೊಡೆಯುತ್ತಾರೆ. ಮೊದಲನೆಯದರ ಪರದೆಯ ನಡುವೆ ಚೌಕವೊಂದು ಮೂಡುತ್ತದೆ. ಚಿತ್ರ ಬಿಡಿಸುವ ತಂತ್ರಾಂಶಕ್ಕೆ ಮೈಕ್ ಬಳಸಲು ಅನುಮತಿ ಬೇಕಂತೆ.

"ಚಿತ್ರ ಬಿಡಿಸೋಕೆ ಕಿವಿ ಯಾಕಪ್ಪ ನಿಂಗೆ?" ಎಂದು ಪರದೆಯನ್ನೇ ಗದರುತ್ತಾರೆ. 'ನಿರಾಕರಿಸಿ' ಒತ್ತುತ್ತಾರೆ. ನೋಟ್‌ಬುಕ್ ತೆರೆದು ಬರೆದುಕೊಳ್ಳುತ್ತಾರೆ.

ಗ್ರಂಥಾಲಯದ ಕಡತದಲ್ಲಿ ಇವರ ಹುದ್ದೆ ಕೊಠಡಿ ಪರಿಚಾರಕಿ. ಬಾಗಿಲು ತೆರೆಯುವುದು, ಗುಡಿಸುವುದು, ಸರದಿಯ ಚೀಟಿ ಕೊಡುವುದು, ಸಂಜೆ ಬೀಗ ಹಾಕುವುದು, ಅಷ್ಟೇ ಕೆಲಸ. ಆದರೆ ಇಲ್ಲಿಗೆ ಬರುವ ಜನ ಇವರನ್ನು ಕರೆಯುವುದು ತಡಿಯಕ್ಕ ಎಂದು. ಯಾರ ಪರದೆಯ ಮೇಲೆ ಚೌಕ ಮೂಡಿದರೂ ಎಲ್ಲಿಂದಲೋ "ತಡೀರಿ, ಓದಿ ಒತ್ತಿ" ಎನ್ನುವ ದನಿ ಬಂದೇ ಬರುತ್ತದೆ. ದಿನಕ್ಕೆ ಎಂಬತ್ತು ಜನ ಬರುತ್ತಾರೆ. ಅರ್ಜಿ ತುಂಬುವವರು, ಮಗಳ ಮುಖ ನೋಡಿ ಮಾತಾಡುವವರು, ಬಿಸಿಲು ತಪ್ಪಿಸಿಕೊಂಡು ಸುಮ್ಮನೆ ಕೂರುವವರು. ಎಲ್ಲರಿಗೂ ಅವಸರ.

ಏಳು ತಿಂಗಳ ಹಿಂದಿನ ಒಂದು ಅಪ್‌ಡೇಟ್ ಈ ಕೊಠಡಿಯ ನೆಮ್ಮದಿಯನ್ನು ಕೆಡಿಸಿತು. ಶನಿವಾರ ಮುಚ್ಚಿದ ಕಂಪ್ಯೂಟರುಗಳು ಸೋಮವಾರ ಬೇರೆಯೇ ಮುಖ ಹೊತ್ತು ನಿಂತಿದ್ದವು. ಯಾವ ತಂತ್ರಾಂಶ ತೆರೆದರೂ ಪ್ರಶ್ನೆ. ಕ್ಯಾಮೆರಾ ಕೊಡುತ್ತೀರಾ? ನೀವು ಎಲ್ಲಿದ್ದೀರಿ ಎಂದು ತಿಳಿಯಲು ಬಿಡುತ್ತೀರಾ? ನಿಮ್ಮ ಕಡತಗಳನ್ನು ನೋಡಲೇ? ಹದಿನಾಲ್ಕು ಗ್ರಂಥಾಲಯಗಳಿಗೆ ಇರುವವರು ಒಬ್ಬರೇ ಎಂಜಿನಿಯರ್. ಅವರು ಫೋನಿನಲ್ಲಿ ಒಂದೇ ಮಾತಿನಲ್ಲಿ ಮುಗಿಸಿದರು: "ಏನು ಕೇಳಿದ್ರೂ ಅನುಮತಿಸಿ ಅಂತ ಒತ್ತಿಬಿಡಿ ಮೇಡಂ, ಕೆಲಸ ಸಾಗುತ್ತೆ."

ತಡಿಯಕ್ಕನಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಅದಕ್ಕೆ ಕಾರಣ ಅವರ ಹಿಂದಿನ ನೌಕರಿ. ಹತ್ತೊಂಬತ್ತು ವರ್ಷ ಅವರು ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ವಿಭಾಗದಲ್ಲಿ ಆಯಾ ಆಗಿದ್ದವರು. ರೋಗಿಗಳನ್ನು ಎತ್ತಿ ಎತ್ತಿ ಎರಡೂ ಮೊಣಕಾಲು ಸವೆದ ಮೇಲೆ, ಕೂತು ಮಾಡುವ ಕೆಲಸವೆಂದು ಇಲ್ಲಿಗೆ ವರ್ಗ ಮಾಡಿದರು. "ಅಲ್ಲಿ ಒಪ್ಪಿಗೆ ಕಾಗದ ಅಂತ ಒಂದು ಕೊಡ್ತಾರೆ" ಎನ್ನುತ್ತಾರೆ ಅವರು. "ರೋಗಿ ಮಂಚದ ಮೇಲೆ ಕಣ್ಣು ಪಿಳಿಪಿಳಿ ಬಿಡ್ತಾ ಇರ್ತಾನೆ. ಅವನನ್ನ ಒಂದು ಮಾತು ಕೇಳೋರಿಲ್ಲ. ಬಾಮೈದ ಬಂದು ಓದದೇ ಹೆಬ್ಬೆಟ್ಟು ಒತ್ತಿ, ಟೀ ಕುಡಿಯೋಕೆ ಹೋಗ್ತಾನೆ. ಎಷ್ಟು ಜನರ ಕೈ ಹಿಡಿದು 'ತಡೀರಿ, ಓದಿಸಿಕೊಳ್ಳಿ' ಅಂದಿದೀನೋ! ಬೈಸಿಕೊಂಡಿದ್ದೂ ಅಷ್ಟೇ."

ಹಾಗಾಗಿ ಅವರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡರು. ಕೊಠಡಿ ತೆರೆಯುವುದು ಎಂಟಕ್ಕೆ. ಅದಕ್ಕೆ ಎರಡು ಗಂಟೆ ಮೊದಲೇ ಬಂದು, ಹನ್ನೊಂದೂ ಕಂಪ್ಯೂಟರುಗಳಲ್ಲಿ ಒಂದೊಂದೇ ತಂತ್ರಾಂಶ ತೆರೆದು ನೋಡುವುದು. ಅನುಮತಿ ಕೇಳಿ ಬಾಗಿಲು ತಟ್ಟುವ ಚೌಕಗಳು ಮೊದಲು ತಮ್ಮ ಎದುರು ತಟ್ಟಲಿ ಎಂದು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಕೇಳುತ್ತಿರುವುದು ಯಾರು, ಏನು ಕೇಳುತ್ತಿದೆ, ಅದರ ಕೆಲಸಕ್ಕೂ ಅದು ಕೇಳಿದ್ದಕ್ಕೂ ಸಂಬಂಧ ಉಂಟೋ ಇಲ್ಲವೋ. ಮೊದಲ ವಾರವೇ ನಲವತ್ತಾರು ಪ್ರಶ್ನೆ. ಮುಖ ನೋಡಿ ಮಾತಾಡುವ ತಂತ್ರಾಂಶಕ್ಕೆ ಕ್ಯಾಮೆರಾ ಕೊಟ್ಟರು. ಹವಾಮಾನ ಹೇಳುವುದಕ್ಕೆ ವಿಳಾಸಪುಸ್ತಕ ಕೊಡಲಿಲ್ಲ. "ಮಳೆ ಬರುತ್ತಾ ಅಂತ ಹೇಳೋಕೆ ನಮ್ಮ ಚಿಕ್ಕಮ್ಮನ ನಂಬರ್ ಯಾಕೆ?"

ಬಸ್ ಡಿಪೋದ ಮೆಕ್ಯಾನಿಕ್ ಆಗಿ ನಿವೃತ್ತರಾದ ಗಂಡನಿಗೆ ಇದು ದಿನಾ ನಗೆಚಾಟಿಕೆ. "ಮನೇಲೂ ಇದೇ ಕಾನೂನು. ಸಕ್ಕರೆ ಡಬ್ಬಿಗೆ ಕೈ ಹಾಕಿದ್ರೆ ಯಾರು, ಏನು, ಯಾಕೆ ಅಂತ ಮೂರೂ ಕೇಳ್ತಾಳೆ. ಉತ್ತರ ಏನು ಕೊಟ್ರೂ ನಿರಾಕರಿಸಿ!"

ಇಷ್ಟು ಎಚ್ಚರದ ಹೆಂಗಸು ಒಂದು ದಿನ ಎಡವಿದರು. ಎಡವಿದ್ದೂ ಎಚ್ಚರದಿಂದಲೇ.

ಅಪ್‌ಡೇಟ್ ಬಂದ ಎರಡನೇ ವಾರ. ಅದು ತಡವಾಗಿ ತಲುಪಿದ್ದ, ಕಿಟಕಿಯ ಮೂಲೆಯ ಹನ್ನೊಂದನೇ ಕಂಪ್ಯೂಟರಿನಲ್ಲಿ ಬೆಳಗಿನ ಜಾವ ಒಂದು ಚೌಕ ಬಂತು. ಮೂರಕ್ಷರದ, ಕಂಡು ಕೇಳರಿಯದ ಹೆಸರು. ಅದು ಕೇಳಿದ್ದು ಕ್ಯಾಮೆರಾ ಅಲ್ಲ, ಮೈಕ್ ಅಲ್ಲ: ಪರದೆಯ ಮೇಲಿನದೆಲ್ಲವನ್ನೂ ನೋಡಲು, ಕಂಪ್ಯೂಟರನ್ನೇ ನಿಯಂತ್ರಿಸಲು ಅನುಮತಿ. "ಮನೆ ಕೀಲಿ ಅಲ್ಲ, ಮನೇನೇ ಕೊಡಿ ಅಂತಿದೆಯಲ್ಲ ಅಂದ್ಕೊಂಡೆ. ಬೇಡ ಅಂತ ಒತ್ತಿ, ಎರಡು ಗೆರೆ ಎಳೆದು ಬರೆದುಕೊಂಡೆ."

ಒಂಬತ್ತಕ್ಕೆ ಕಂಡಕ್ಟರ್ ಬಂದರು. ಒಂದು ಕಾಲಕ್ಕೆ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದವರು. ಐದು ವರ್ಷದ ಕೆಳಗೆ ಎರಡೂ ಕಣ್ಣು ಹೋದವು. ದಿನವೂ ಹನ್ನೊಂದನೇ ಕಂಪ್ಯೂಟರಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಅದರಲ್ಲಿ ಮಾತ್ರ ಇರುವ, ಪರದೆ ಓದಿ ಹೇಳುವ ತಂತ್ರಾಂಶದ ದನಿ ಕೇಳುತ್ತ ಕೆಲಸ ಕಲಿತವರು. ಅವತ್ತು ಅವರಿಗೆ ಪರೀಕ್ಷೆ. ನೀರು ಸರಬರಾಜು ಇಲಾಖೆಯ ಸಹಾಯವಾಣಿಯಲ್ಲಿ ಫೋನ್ ಎತ್ತುವ ನೌಕರಿ. ಒಂಬತ್ತೂವರೆಗೆ ಶುರು. ಹತ್ತು ನಿಮಿಷ ತಡವಾದರೆ ಪರೀಕ್ಷೆಯ ಪುಟ ತಾನಾಗಿ ಮುಚ್ಚಿಕೊಳ್ಳುತ್ತದೆ. ವಯಸ್ಸಿನ ಮಿತಿ ದಾಟುವುದರಿಂದ ಅವರಿಗೆ ಮತ್ತೊಂದು ಅವಕಾಶವಿರಲಿಲ್ಲ.

"ಅಕ್ಕಾ, ಇದು ಉಸಿರೇ ಎತ್ತುತ್ತಿಲ್ಲ" ಎಂದರು ಕಂಡಕ್ಟರ್. "ಬಸ್ ನಿಂತಿದೆ, ಡ್ರೈವರ್ ನಾಪತ್ತೆ."

ವೈರ್ ನೋಡಿದರು, ದನಿ ಹೆಚ್ಚಿಸಿದರು, ಹೆಡ್‌ಫೋನ್ ಬದಲಿಸಿದರು. ಎಂಜಿನಿಯರ್ ಫೋನ್ ಎತ್ತಲಿಲ್ಲ. ಒಂಬತ್ತೂಕಾಲಿಗೆ ತಡಿಯಕ್ಕ ನೋಟ್‌ಬುಕ್ ತೆರೆದರು. ಹನ್ನೊಂದನೇ ಕಂಪ್ಯೂಟರಿನ ಸಾಲಿನಲ್ಲಿ ಅವರದೇ ಕೈಬರಹ, ಕೆಳಗೆ ಎರಡು ಗೆರೆ. ಓದಿ ಹೇಳಬೇಕಾದರೆ ಪರದೆಯ ಮೇಲಿನದೆಲ್ಲ ನೋಡಲೇಬೇಕಲ್ಲ ಎಂದು ಆಗ ಹೊಳೆಯಿತು.

"ಕಂಡಕ್ಟರ್ ಸಾಹೇಬ್ರೆ, ನಿಮ್ಮ ಓದೋ ತಂತ್ರಾಂಶದ ಹೆಸರೇನು?"

ಅವರು ಮೂರಕ್ಷರ ಹೇಳಿದರು. ತಡಿಯಕ್ಕ ಆ ಎರಡು ಗೆರೆಯ ಮೇಲೆ ಬೆರಳಿಟ್ಟರು. "ಅದನ್ನ ಬೆಳಿಗ್ಗೆ ನಾನೇ ಬಾಯಿ ಮುಚ್ಚಿಸಿದೆ ಕಣಪ್ಪ."

ಒಮ್ಮೆ ಬೇಡ ಎನ್ನಿಸಿಕೊಂಡ ಚೌಕ ಮತ್ತೆ ಕೇಳಲು ಬರುವುದಿಲ್ಲ. ಸೆಟ್ಟಿಂಗ್ಸ್‌ನೊಳಗೆ ಹೊಕ್ಕು ಅದನ್ನು ನಾವೇ ಹುಡುಕಬೇಕು. ಅಪ್‌ಡೇಟ್ ಆದಮೇಲೆ ಅಲ್ಲಿನ ಕೋಣೆಗಳೆಲ್ಲ ಅದಲು ಬದಲು. ತಡಿಯಕ್ಕ ಪಕ್ಕದಲ್ಲಿ ನಿಂತು ಪ್ರತಿ ಸಾಲನ್ನೂ ಜೋರಾಗಿ ಓದತೊಡಗಿದರು, ಕಂಡಕ್ಟರ್ "ಮುಂದೆ ಹೋಗಿ... ಮುಂದೆ... ಹಾಂ, ನಿಲ್ಸಿ, ಇಲ್ಲಿ ಇಳೀಬೇಕು" ಎನ್ನುತ್ತ ದಾರಿ ತೋರಿಸಿದರು. ಕೊಠಡಿಯವರೆಲ್ಲ ತಮ್ಮ ಕೆಲಸ ಬಿಟ್ಟು ಕಿವಿಗೊಟ್ಟಿದ್ದರು. ಇಪ್ಪತ್ತೊಂಬತ್ತನೇ ಸಾಲಿನಲ್ಲಿ ಆ ಮೂರಕ್ಷರ ಸಿಕ್ಕಿತು. ಸಮಯ ಒಂಬತ್ತು ಮೂವತ್ತೆರಡು.

ಆ ಆತುರದಲ್ಲೂ ತಡಿಯಕ್ಕನ ಬೆರಳು ನಿಂತಿತು. "ಇದು ನಿಮ್ಮ ಪಾಸ್‌ವರ್ಡು, ಪತ್ರ, ಎಲ್ಲಾ ನೋಡುತ್ತಂತೆ. ಗೊತ್ತಾ ನಿಮಗೆ?"

"ಗೊತ್ತಕ್ಕ. ರಸ್ತೆ ದಾಟುವಾಗ ಯಾರದೋ ಕೈ ಹಿಡೀತೀನಿ. ನಾನೆಲ್ಲಿಗೆ ಹೋಗ್ತೀನಿ ಅಂತ ಆ ಕೈಗೆ ಗೊತ್ತಾಗುತ್ತೆ. ಗೊತ್ತಾಗಬಾರದು ಅಂದ್ರೆ ಮನೇಲೇ ಕೂರಬೇಕು. ಯಾರ ಕೈ ಅಂತ ವಿಚಾರಿಸಿಕೊಂಡೇ ಹಿಡಿದಿದೀನಿ, ಬಿಡಿ."

ತಡಿಯಕ್ಕ ಅವರ ಕೈಯನ್ನೇ ಮೌಸಿನ ಮೇಲಿಟ್ಟರು. ಒತ್ತಿದ್ದು ಕಂಡಕ್ಟರ್. ಹೆಡ್‌ಫೋನಿನಿಂದ ಗೊಣಗೊಣ ದನಿ ಹೊರಟಿತು. ಒಂಬತ್ತು ಮೂವತ್ತೇಳಕ್ಕೆ ಅವರು ಪರೀಕ್ಷೆಯೊಳಗಿದ್ದರು. ಮುಂದಿನ ಒಂದು ಗಂಟೆ ತಡಿಯಕ್ಕ ಬಾಗಿಲಲ್ಲಿ ನಿಂತು, ಕೆಮ್ಮುವವರನ್ನೂ ಒಳಗೆ ಬಿಡಲಿಲ್ಲ.

ಕಂಡಕ್ಟರ್ ಈಗ ಸಹಾಯವಾಣಿಯಲ್ಲಿದ್ದಾರೆ. ಆ ಬೆಳಗನ್ನು ನೆನೆದರೆ ಅವರಿಗೆ ನಗು, ತಡಿಯಕ್ಕನಿಗೆ ಮಾತ್ರ ಇಂದಿಗೂ ಇರುಸುಮುರುಸು. "ಬೇಡ ಅಂದ್ರೆ ಯಾರಿಗೂ ನಷ್ಟ ಇಲ್ಲ ಅಂದ್ಕೊಂಡಿದ್ದೆ. ಆ ಬಾಮೈದನನ್ನ ಬೈತಿದ್ದೆನಲ್ಲ, ಅವನು ಕೇಳದೇ ಹೂಂ ಅಂದ, ನಾನು ಕೇಳದೇ ಊಹೂಂ ಅಂದೆ. ಏನು ವ್ಯತ್ಯಾಸ?"

ಅಂದಿನಿಂದ ನೋಟ್‌ಬುಕ್ಕಿಗೆ ನಾಲ್ಕನೇ ಕಾಲಂ ಬಂದಿದೆ: ಇದು ಯಾರಿಗೆ ಬೇಕಾದದ್ದು. ಗೊತ್ತಿಲ್ಲದಿದ್ದರೆ ಉತ್ತರ ಕೊಡದೆ, ಕಂಪ್ಯೂಟರಿಗೆ ಒಂದು ಚೀಟಿ ಅಂಟಿಸಿ ಕಾಯುತ್ತಾರೆ. ಬೇಕಾದವರು ಬಂದಾಗ ಪಕ್ಕದಲ್ಲಿ ಕೂತು ಓದಿ ಹೇಳುತ್ತಾರೆ. "ನೀವೇ ಒತ್ತಿಬಿಡಿ ಅಕ್ಕ, ನಿಮಗೆ ಗೊತ್ತಾಗುತ್ತೆ" ಎಂದು ಅರ್ಧ ಜನ ಗೋಗರೆಯುತ್ತಾರೆ. ಅಕ್ಕ ಕೈ ಕಟ್ಟಿಕೊಂಡು ಕೂರುತ್ತಾರೆ. ಹದಿನಾಲ್ಕೂ ಗ್ರಂಥಾಲಯಗಳ ಎಂಜಿನಿಯರ್ ಕಳೆದ ತಿಂಗಳು ಬಂದವರು ಆ ನೋಟ್‌ಬುಕ್ಕಿನ ಅರವತ್ತು ಪುಟಗಳನ್ನು ಫೋಟೋ ತೆಗೆದುಕೊಂಡು ಹೋದರು.

ಸಂಬಳ, ಬಡ್ತಿ, ಸನ್ಮಾನ ಏನಾದರೂ ಬೇಕೇ ಎಂದು ಕೇಳಿದರೆ ತಡಿಯಕ್ಕ ಕನ್ನಡಕ ತೆಗೆದು ಒರೆಸುತ್ತಾರೆ.

"ಆ ಚೌಕ ಬರೆಯೋರು ಎಲ್ಲಿರ್ತಾರೋ. ಸಿಕ್ಕರೆ ಒಂದು ಮಾತು ಹೇಳಬೇಕು. ನಿಮಗೇನು ಬೇಕು ಅಂತ ಚೆನ್ನಾಗಿ ಬರೀತೀರಪ್ಪ. ಬೇಡ ಅಂದ್ರೆ ಯಾರ ಕೆಲಸ ನಿಲ್ಲುತ್ತೆ ಅಂತಾನೂ ಒಂದು ಸಾಲು ಬರೀರಿ. ಅಷ್ಟು ಬರೆದುಬಿಟ್ರೆ ನನ್ನಂಥೋಳು ಇಲ್ಲಿ ಬೇಕಾಗಲ್ಲ. ನಾನೂ ಏಳು ಗಂಟೆವರೆಗೆ ಮಲಗ್ತೀನಿ."